ಹೊಳೆದಂಡೆಗೂ ಒಂದು ಕದವಿದೆ

ಕಳೆದ ವರ್ಷ ಜುಲೈ ಒಂದನೇ ತಾರೀಖು ಬೆಳಿಗ್ಗೆ ಹೊಳೆನರಸೀಪುರದಿಂದ ನನ್ನ ಖಾಲಾ ಫೋನು ಮಾಡಿದರು. ಖಾಲಾ ಎಂದರೆ ನನ್ನ ಅಮ್ಮಿಯ ತಂಗಿ. ಮನೆಯ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರಿನ ಜೂನ್ ಹಾಳೆಯನ್ನು ಸೊಸೆ ಮಗುಚಿದ್ದಳು. ಜುಲೈ ಹಾಳೆಯಲ್ಲಿ ಖಾಲಾ ಇದ್ದರು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೆರಗು ತಲೆಯಿಂದ ಜಾರಿ, ಮೈಯೆಲ್ಲ ಒದ್ದೆಯಾಗಿ, ಹೊಳೆಯ ಬಂಡೆಯ ಮೇಲೆ ರಜಾಯಿ ಒಗೆಯುತ್ತಿದ್ದರು. ಕೆಳಗೆ ಚೆಂದದ ಅಕ್ಷರಗಳಲ್ಲಿ ಮಳೆಗಾಲದ ಹೇಮಾವತಿಯನ್ನು ಹೊಗಳುವ ಒಂದು ಸಾಲು ಅಚ್ಚಾಗಿತ್ತು.

ಖಾಲಾ ಬುರ್ಖಾ ಇಲ್ಲದೆ ಬೀದಿಗೆ ಇಳಿದವರಲ್ಲ. ಅಂಗಡಿಯವರು ಗಿರಾಕಿಗಳಿಗೆ ಪುಕ್ಕಟೆ ಹಂಚಿದ ಆ ಕ್ಯಾಲೆಂಡರು ಅವರ ಮೊಹಲ್ಲಾದ ಎಷ್ಟೋ ಮನೆಗಳಲ್ಲಿತ್ತು. ಅಂದು ಮಧ್ಯಾಹ್ನದೊಳಗೆ ಮೂರು ಮಂದಿ ಹೆಂಗಸರು ಬಂದು ನಕ್ಕು ಹೋದರು. ಮಗ ಊಟ ಬಿಟ್ಟು ಎದ್ದ. "ನೀನು ಹೊಳೆಗೆ ಯಾಕೆ ಹೋದೆ?" ಎಂದು ಅವನು ತಾಯಿಯನ್ನೇ ಬೈದ. ಖಾಲಾ ನನ್ನಲ್ಲಿ ಕೇಳಿದ್ದು ಒಂದೇ ಮಾತು: "ಉನೆ ಮೇರೆಕು ಪೂಛ್ಯಾ ಕ್ಯಾ?" ಅವನು ನನ್ನನ್ನು ಕೇಳಿದನೆ?

ಈ ಲೇಖನ ಆ ಪ್ರಶ್ನೆಗೆ ಸಂಬಂಧಿಸಿದ್ದು.

ಮೊದಲೇ ಹೇಳಿಬಿಡುತ್ತೇನೆ, ನನ್ನ ತಕರಾರು ಕ್ಯಾಮರಾದ ಮೇಲಲ್ಲ. ಹೊಳೆಯ ದಂಡೆಯ ದಿನನಿತ್ಯದ ಬದುಕನ್ನು ಕಾಲಕಾಲಕ್ಕೆ ಚಿತ್ರವಾಗಿ ಹಿಡಿದಿಡುವುದು ಒಳ್ಳೆಯ ಕೆಲಸ, ಆಗಲೇಬೇಕಾದ ಕೆಲಸ. ಆದರೆ ಹಾಸನದಿಂದ ಹೊಳೆನರಸೀಪುರದವರೆಗೆ, ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೆ ಇಂದು ಕ್ಯಾಮರಾ ಹೊತ್ತು ಓಡಾಡುತ್ತಿರುವ ಬಹುಪಾಲು ಮಂದಿ ಮಾಡುತ್ತಿರುವುದು ಆ ಕೆಲಸವಲ್ಲ. ಅವರು ನದಿಯನ್ನು ನೋಡುವುದಿಲ್ಲ, ನದಿಯ ಪಕ್ಕದಲ್ಲಿರುವವರನ್ನು ಕೇಳುವುದಿಲ್ಲ, ತೆಗೆದ ಚಿತ್ರವನ್ನು ಹಿಂದಕ್ಕೆ ತಂದು ಕೊಡುವುದಂತೂ ಇಲ್ಲವೇ ಇಲ್ಲ.

ಶೆಟ್ಟಿಹಳ್ಳಿಯನ್ನೇ ತೆಗೆದುಕೊಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ರೋಸರಿ ಚರ್ಚು ಅಲ್ಲಿದೆ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರ ಹಿನ್ನೀರು ಚರ್ಚನ್ನೂ ಅದರ ಸುತ್ತಲಿನ ಊರನ್ನೂ ನುಂಗಿತು. ಮಳೆಗಾಲದಲ್ಲಿ ಚರ್ಚು ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಣನೆಲದ ಮೇಲೆ ಅಸ್ಥಿಪಂಜರದಂತೆ ನಿಲ್ಲುತ್ತದೆ. ಈ ಎರಡು ಭಂಗಿಗಳ ಸಾವಿರಾರು ಫೋಟೊಗಳು ಲೋಕವನ್ನೆಲ್ಲ ಸುತ್ತಿವೆ. ಬೆಳಗಿನ ಮಂಜಿನಲ್ಲಿ ಚರ್ಚು, ಸಂಜೆಯ ಕೆಂಪಿನಲ್ಲಿ ಚರ್ಚು, ಕೊಕ್ಕರೆಯ ಹಿಂದೆ ಚರ್ಚು. ಮದುವೆಗೆ ಮುಂಚಿನ ಫೋಟೊಗಳಿಗಾಗಿ ಗಂಡು ಹೆಣ್ಣು ಬಂದು ಆ ಮುರುಕು ಕಮಾನುಗಳ ಕೆಳಗೆ ಕೈ ಕೈ ಹಿಡಿದು ನಿಲ್ಲುತ್ತಾರೆ. ಅಲ್ಲಿ ಒಂದು ಕಾಲಕ್ಕೆ ಜ್ಞಾನಸ್ನಾನ ನಡೆದಿತ್ತು, ಮದುವೆ ನಡೆದಿತ್ತು, ಸತ್ತವರಿಗಾಗಿ ಪ್ರಾರ್ಥನೆ ನಡೆದಿತ್ತು. ಆ ಜನ ಎಲ್ಲಿ ಹೋದರು? ಅವರಿಗೆ ಕೊಟ್ಟ ನೆಲ ಹೇಗಿದೆ? ಚರ್ಚಿನ ಚಿತ್ರ ಎಲ್ಲ ಕಾಲದ್ದೂ ಸಿಗುತ್ತದೆ. ಅದರ ಜನರ ಚಿತ್ರ ಒಂದು ಕಾಲದ್ದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಗೋಡೆಗಳು ಒಂದೊಂದಾಗಿ ಉದುರುತ್ತಿವೆ. ಚರ್ಚು ಪೂರ್ತಿ ಬಿದ್ದ ದಿನ ಕ್ಯಾಮರಾಗಳೂ ಬರುವುದು ನಿಲ್ಲಿಸುತ್ತವೆ.

ಇನ್ನು ಋತುಗಳ ಮಾತು. ಖಾಲಾರ ಚಿತ್ರ ಮಳೆಗಾಲದ್ದಲ್ಲ. ರಜಾಯಿ ಜಮಖಾನೆಗಳನ್ನು ಅವರು ಹೊಳೆಗೆ ಹೊರುವುದು ವರ್ಷಕ್ಕೊಂದೇ ಸಲ, ರಮಝಾನಿಗೆ ಮುಂಚೆ. ಆ ವರ್ಷ ಅದು ಬಿರುಬೇಸಿಗೆ. ಆದರೆ ಕೆಳಗಿನ ಊರುಗಳ ಕುಡಿಯುವ ನೀರಿಗೆಂದು ಮೇಲಿನಿಂದ ನೀರು ಬಿಟ್ಟಿದ್ದರು. ಹೊಳೆ ಬಂಡೆಯ ಅಂಚಿನವರೆಗೆ ಬಂದಿತ್ತು, ಮೇಲೆ ಒಂದಿಷ್ಟು ಮೋಡವೂ ಇತ್ತು. ತೆಗೆದವನು ನೀರು ನೋಡಿದ, ಮೋಡ ನೋಡಿದ, ಮಳೆಗಾಲವೆಂದು ಬರೆದುಕೊಂಡ. ಬಂಡೆಯ ಮೇಲಿದ್ದ ಹೆಂಗಸನ್ನು ಒಂದು ಮಾತು ಕೇಳಿದ್ದರೆ ಅವಳು ತಿಂಗಳನ್ನೂ ಹೇಳುತ್ತಿದ್ದಳು, ನೀರು ಯಾಕೆ ಬಂತೆಂಬುದನ್ನೂ ಹೇಳುತ್ತಿದ್ದಳು. ಕೇಳದೆ ತೆಗೆಯುವುದು ಬರೀ ಮರ್ಯಾದೆಗೇಡಿತನವಲ್ಲ, ಅದು ಸುಳ್ಳಿಗೂ ದಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟಿ, ಸುಮಾರು 245 ಕಿಲೋಮೀಟರ್ ಹರಿದು, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುವ ಈ ಹೊಳೆಗೆ ಈಗ ಎರಡು ಬಗೆಯ ಋತುಗಳಿವೆ. ಸಕಲೇಶಪುರದ ಕಡೆ ಋತುವನ್ನು ಆಕಾಶ ತೀರ್ಮಾನಿಸುತ್ತದೆ. ಪುನರ್ವಸು, ಪುಷ್ಯ ಮಳೆ ಹಿಡಿದರೆ ಹೊಳೆ ಕೆಂಪಾಗಿ ಏರುತ್ತದೆ. ಗೊರೂರಿನಿಂದ ಕೆಳಗೆ ಋತುವನ್ನು ತೂಬು ತೀರ್ಮಾನಿಸುತ್ತದೆ. 37.10 ಟಿಎಂಸಿ ನೀರು ಹಿಡಿಯುವ ಜಲಾಶಯ 2922 ಅಡಿಗೆ ತುಂಬಿದರೆ ಹೊಳೆಗೆ ನೀರು, ತುಂಬದಿದ್ದರೆ ಸಭೆ, ಪ್ರತಿಭಟನೆ, ಹೇಳಿಕೆ. ಕೆಳಗಿನ ಅಗಸರು, ಬೆಸ್ತರು, ಎಮ್ಮೆ ತೊಳೆಯುವ ಹುಡುಗರು ಪಂಚಾಂಗ ನೋಡುವುದಿಲ್ಲ, ಪತ್ರಿಕೆಯಲ್ಲಿ ಬರುವ ಅಣೆಕಟ್ಟೆಯ ಮಟ್ಟವನ್ನು ನೋಡುತ್ತಾರೆ. ಈ ಸಂಗತಿ ಯಾವ ಕ್ಯಾಲೆಂಡರಿನ ಚಿತ್ರದಲ್ಲಿದೆ?

ಚನ್ನರಾಯಪಟ್ಟಣಕ್ಕೆ ಹೊಳೆಯಿಲ್ಲ, ನಾಲೆಯೇ ಅದರ ಹೊಳೆ. ಹೇಮಾವತಿಯ ಎಡದಂಡೆ ನಾಲೆ ಆ ತಾಲ್ಲೂಕನ್ನು ಹಾದು ತುಮಕೂರಿನತ್ತ ಹೋಗುತ್ತದೆ. ನಾಲೆಗೆ ನೀರು ಬಿಟ್ಟ ದಿನ ಅದರ ದಂಡೆಯಲ್ಲಿ ಬಟ್ಟೆ, ಪಾತ್ರೆ, ದನಕರು, ಮಕ್ಕಳು ಎಲ್ಲ ಸೇರುತ್ತವೆ. ಇದೂ ನದಿದಂಡೆಯ ಬದುಕೇ ಅಲ್ಲವೆ? ಆದರೆ ಸಿಮೆಂಟಿನ ದಂಡೆ ಫೋಟೊದಲ್ಲಿ ಚೆಂದ ಕಾಣುವುದಿಲ್ಲ, ಹಾಗಾಗಿ ಅಲ್ಲಿ ಯಾರೂ ಇಳಿಯುವುದಿಲ್ಲ. ಅದೇ ತಾಲ್ಲೂಕಿನಲ್ಲಿ ನಾಲೆ ನೆಲದಡಿಗೆ ಇಳಿಯುವ ಬಾಗೂರು-ನವಿಲೆ ಸುರಂಗವಿದೆ. ಸುರಂಗದಿಂದ ತಮ್ಮ ಬಾವಿಗಳು ಬತ್ತಿದವೆಂದು ಅದರ ಮೇಲಿನ ಊರುಗಳ ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಹೇಮಾವತಿ ತಲೆಯಡಿಯಲ್ಲೇ ಹರಿಯುತ್ತಿದ್ದರೂ ಬಾವಿಯಲ್ಲಿ ನೀರಿಲ್ಲದವರ ಚಿತ್ರ ಯಾವ ಪ್ರದರ್ಶನದಲ್ಲೂ ನಾನು ನೋಡಿಲ್ಲ.

ಅರಕಲಗೂಡು ತಾಲ್ಲೂಕಿಗೆ ಹೇಮಾವತಿಯೂ ಇದೆ, ಕಾವೇರಿಯೂ ಇದೆ. ಕಾವೇರಿ ದಂಡೆಯ ರಾಮನಾಥಪುರಕ್ಕೆ ಷಷ್ಠಿ ಜಾತ್ರೆಯ ಹೊತ್ತಿಗೆ ಕ್ಯಾಮರಾಗಳು ಬರುತ್ತವೆ. ತೇರು, ಜನಸಾಗರ, ಪವಿತ್ರಸ್ನಾನ. ತಪ್ಪೇನಿಲ್ಲ. 2018 ಮತ್ತು 2019ರ ಆಗಸ್ಟಿನಲ್ಲಿ ಇದೇ ಊರಿನ ಮನೆಗಳಿಗೆ ಹೊಳೆ ನುಗ್ಗಿತು. ಆಗಲೂ ಕ್ಯಾಮರಾಗಳು ಬಂದವು. ನೀರು ಇಳಿದ ಮೇಲೆ ಗೋಡೆಗೆ ಹತ್ತಿದ ಕೆಸರನ್ನು ಹೆಂಗಸರು ಗೋರಿ ಗೋರಿ ತೆಗೆದ ವಾರಗಳಲ್ಲಿ ಯಾರಿದ್ದರು? ಜಾತ್ರೆ ಒಂದು ಸುದ್ದಿ, ಪ್ರವಾಹ ಇನ್ನೊಂದು ಸುದ್ದಿ. ಅವೆರಡರ ನಡುವಿನ ಬದುಕಿಗೆ ದಿನನಿತ್ಯ ಎಂದು ಹೆಸರು. ಅದನ್ನೇ ತೆಗೆಯುತ್ತೇವೆ ಎಂದು ಹೇಳಿಕೊಳ್ಳುವವರು ಆ ದಿನಗಳಲ್ಲೇ ಇರುವುದಿಲ್ಲ.

"ಕೇಳಿ ತೆಗೆದರೆ ಸಹಜತೆ ಹೋಗುತ್ತದೆ, ಜನ ಸೆಟೆದು ನಿಲ್ಲುತ್ತಾರೆ" ಎಂದು ಫೋಟೊಗ್ರಾಫರ್ ಗೆಳೆಯರೊಬ್ಬರು ನನ್ನೊಡನೆ ವಾದಿಸಿದರು. ಮೊದಲ ದಿನ ಸೆಟೆದು ನಿಲ್ಲುತ್ತಾರೆ, ನಿಜ. ಹತ್ತನೇ ದಿನ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ನಿಮಗೆ ಹತ್ತು ದಿನದ ತಾಳ್ಮೆ ಇಲ್ಲದಿದ್ದರೆ ಅದು ಅವರ ತಪ್ಪೆ? ಗಂಗೆಯ ಚಿತ್ರ ತೆಗೆದ ರಘುವೀರ್ ಸಿಂಗ್ 1974ರಲ್ಲಿ ಒಂದು ಪುಸ್ತಕ ತಂದರು. ಅಷ್ಟಕ್ಕೆ ಮುಗಿಸದೆ ಮತ್ತೆ ಮತ್ತೆ ಅದೇ ನದಿಗೆ ಹೋದರು, 1992ರಲ್ಲಿ ಮತ್ತೊಂದು ಪುಸ್ತಕ ಬಂತು. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಜೀವಮಾನವೆಲ್ಲ ಸಾಮಾನ್ಯರ ಸಾಮಾನ್ಯ ಗಳಿಗೆಗಳನ್ನು ಹಿಡಿದವರು. ಕನ್ನಡದಲ್ಲಿ ಬರೆದ ನೆನಪುಗಳ ಪುಸ್ತಕಕ್ಕೆ ಅವರು ಇಟ್ಟ ಹೆಸರು 'ಕಾಲಕ್ಕೆ ಕನ್ನಡಿ'. ಕನ್ನಡಿ ಎದುರಿಗಿರುವವರಿಗೆ ಅವರ ಮುಖವನ್ನು ಹಿಂದಕ್ಕೆ ಕೊಡುತ್ತದೆ, ಕದ್ದುಕೊಂಡು ಹೋಗುವುದಿಲ್ಲ. ಇದೇ ಹೇಮಾವತಿಯ ದಂಡೆಯಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು 1930ರಲ್ಲಿ ತಂದ ಪುಸ್ತಕದ ಹೆಸರೂ 'ಹಳ್ಳಿಯ ಚಿತ್ರಗಳು'. ಕ್ಯಾಮರಾ ಇರಲಿಲ್ಲ. ಆದರೆ ಆ ಜನ ಅವರ ನೆರೆಯವರು, ಬರೆದ ಮೇಲೂ ಮುಖ ಕೊಟ್ಟು ಮಾತಾಡಬೇಕಾದವರು.

ನಾನೂ ತಪ್ಪಿತಸ್ಥಳೇ. ಖಾಲಾರ ಎಷ್ಟೋ ಮಾತುಗಳನ್ನು ಅವರನ್ನು ಕೇಳದೆ ನನ್ನ ಕಥೆಗಳಿಗೆ ಹಾಕಿದ್ದೇನೆ. ಕಥೆಯಲ್ಲಿ ಹೆಸರು ಬದಲಿಸಬಹುದು, ಊರು ಬದಲಿಸಬಹುದು. ಫೋಟೊದಲ್ಲಿ ಮುಖಕ್ಕೆ ಬದಲಿ ಮುಖವಿಲ್ಲ. ಆದ್ದರಿಂದ ಅವರ ಜವಾಬ್ದಾರಿ ನನ್ನದಕ್ಕಿಂತ ದೊಡ್ಡದು.

ಪವಿತ್ರ ಕುರ್‌ಆನಿನ ನೂರ್ ಅಧ್ಯಾಯದಲ್ಲಿ, ಬೇರೆಯವರ ಮನೆಗೆ ಅನುಮತಿ ಪಡೆಯದೆ ಹೋಗಬಾರದು, ಹಿಂತಿರುಗಿ ಎಂದರೆ ಹಿಂತಿರುಗಬೇಕು ಎಂಬ ಆಜ್ಞೆ ಇದೆ. ಮೂರು ಸಲ ಕೇಳಿಯೂ ಅನುಮತಿ ಸಿಗದಿದ್ದರೆ ಹೊರಟುಬಿಡಬೇಕೆಂದು ಪ್ರವಾದಿ(ಸ)ಯವರು ಕಲಿಸಿದರು. ಮನೆಯಲ್ಲಿ ನಲ್ಲಿ ಇದ್ದವರು, ಬಚ್ಚಲು ಇದ್ದವರು ಒಳಗೆ ಕದ ಹಾಕಿಕೊಂಡು ಒಗೆಯುತ್ತಾರೆ, ಮೀಯುತ್ತಾರೆ. ಇಲ್ಲದವರಿಗೆ ಹೊಳೆದಂಡೆಯೇ ಬಚ್ಚಲು, ಹೊಳೆದಂಡೆಯೇ ಅಂಗಳ. ಅವರ ಮನೆಗೆ ಕದವಿಲ್ಲ ಎಂದ ಮಾತ್ರಕ್ಕೆ ಕದ ತಟ್ಟುವ ಕರ್ತವ್ಯ ಇಲ್ಲವಾಯಿತೆ? ಇದು ಮುಸ್ಲಿಮ್ ಹೆಂಗಸಿನ ಪರದೆಯ ಪ್ರಶ್ನೆ ಎಂದು ಯಾರೂ ಪಕ್ಕಕ್ಕೆ ಸರಿಸಬಾರದು. ಖಾಲಾರ ಪಕ್ಕದ ಬಂಡೆಯ ಮೇಲೆ ಒಗೆಯುವ ಅಗಸರ ಹೆಂಗಸಿನದೂ ಒಕ್ಕಲಿಗರ ಮುದುಕಿಯದೂ ಇದೇ ಪ್ರಶ್ನೆ. ಮಾನ ಎಲ್ಲರಿಗೂ ಇದೆ.

ಇಷ್ಟು ಹೇಳಿ ನಮ್ಮವರನ್ನು ಬಿಟ್ಟುಬಿಟ್ಟರೆ ನಾನು ಅರ್ಧ ಸತ್ಯ ಹೇಳಿದಂತೆ. ನನ್ನ ದಾದಾ ಅವರ ಊರು ಅದೇ ಹಿನ್ನೀರಿನ ಅಡಿಯಲ್ಲಿದೆ. ನಾನು ಹುಟ್ಟುವ ಮೊದಲೇ ಮುಳುಗಿತು. ಮುಳುಗುವ ಮುಂಚೆ ಒಬ್ಬ ಸಂಬಂಧಿಕರು ಬಾಡಿಗೆ ಕ್ಯಾಮರಾ ತಂದು ಮನೆಯ ಮುಂದೆ ಎಲ್ಲರೂ ನಿಲ್ಲಿ ಎಂದರಂತೆ. ತಸ್ವೀರ್ ಹರಾಮ್ ಎಂದು ದಾದಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಶ್ರದ್ಧೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ 20ನೇ ಶತಮಾನದ ಆರಂಭದಲ್ಲೇ ಈಜಿಪ್ಟಿನ ಮುಫ್ತಿ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು, ಫೋಟೊ ಎಂದರೆ ಹೊಸ ಆಕಾರವನ್ನು ಸೃಷ್ಟಿಸುವುದಲ್ಲ, ಇರುವ ನೆರಳನ್ನೇ ಹಿಡಿದು ನಿಲ್ಲಿಸುವುದು ಎಂದು ವಾದಿಸಿ ಅದಕ್ಕೆ ಅನುಮತಿ ನೀಡಿದ್ದರು. ಒಪ್ಪದ ಉಲೇಮಾಗಳೂ ಇದ್ದರು, ಇಂದಿಗೂ ಇದ್ದಾರೆ. ಚರ್ಚೆ ನಡೆಯಲಿ. ಆದರೆ ಹಜ್ಜಿನ ಪಾಸ್‌ಪೋರ್ಟಿಗೆ ಫೋಟೊ, 1993ರಲ್ಲಿ ಶೇಷನ್ ತಂದ ಮತದಾರರ ಗುರುತಿನ ಚೀಟಿಗೆ ಫೋಟೊ, ರೇಶನ್ನಿಗೆ ಫೋಟೊ. ಕೇಳುವುದು ಸರಕಾರವಾದರೆ ತೆಗೆಸಿಕೊಳ್ಳುತ್ತೇವೆ. ನಮ್ಮ ನೆನಪಿಗಾಗಿ, ನಮ್ಮ ಮಕ್ಕಳಿಗಾಗಿ ಎಂದಾಗ ಮಾತ್ರ ಫತ್ವಾ ನೆನಪಾಗುತ್ತದೆ.

2019ರ ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂದಾಗ ನಮ್ಮ ಮನೆಗಳಲ್ಲಿ ಟ್ರಂಕುಗಳು ತೆರೆದುಕೊಂಡವು. ಪಹಣಿ, ಶಾಲೆಯ ಸರ್ಟಿಫಿಕೇಟು, ನಿಕಾಹ್‌ನಾಮೆ ಹುಡುಕಿದೆವು. ಒಂದು ಫೋಟೊ ಕಾನೂನಿನ ಮುಂದೆ ದಾಖಲೆಯಾಗುತ್ತಿತ್ತೆಂದು ನಾನು ಹೇಳುತ್ತಿಲ್ಲ. ಆದರೆ ಅಂದು ರಾತ್ರಿ ನನ್ನ ಅಬ್ಬಾ, "ಹೊಳೆ ಪಕ್ಕ ಒಂದು ಮನೆ ಇತ್ತು, ಮುಂದೆ ಹಲಸಿನ ಮರ ಇತ್ತು" ಎಂದು ಹೇಳುತ್ತಾ ಗಾಳಿಯಲ್ಲಿ ಬೆರಳಿನಿಂದ ಬರೆದು ತೋರಿಸಿದರು. ತೋರಿಸಲು ಅವರಲ್ಲಿ ಬೇರೇನೂ ಇರಲಿಲ್ಲ. ನಮ್ಮ ಚಿತ್ರವನ್ನು ನಾವು ತೆಗೆಯದೆ ಹೋದರೆ ಬೇರೆಯವರು ತೆಗೆಯುತ್ತಾರೆ, ತಮಗೆ ಬೇಕಾದ ಹಾಗೆ, ತಮಗೆ ತೋಚಿದ ತಿಂಗಳು ಬರೆದು.

ಆದ್ದರಿಂದ ನನ್ನ ಬೇಡಿಕೆಗಳು ಇಷ್ಟೆ. ಕ್ಯಾಮರಾದವರೇ, ತೆಗೆಯುವ ಮೊದಲು ಕೇಳಿ. ಬೇಡ ಎಂದರೆ ಹಿಂತಿರುಗಿ. ಒಂದು ಚಿತ್ರಕ್ಕೆ ಬಹುಮಾನ ಬಂತೆಂದು ನಿಲ್ಲಿಸದೆ ಮಳೆಗೂ ಬನ್ನಿ, ಚಳಿಗೂ ಬನ್ನಿ, ಮರಳು ಬಗೆದು ಒರತೆ ತೋಡುವ ಬೇಸಿಗೆಗೂ ಬನ್ನಿ. ತೆಗೆದ ದಿನವನ್ನೂ ಸ್ಥಳವನ್ನೂ ಸರಿಯಾಗಿ ಬರೆಯಿರಿ. ಒಂದು ಪ್ರತಿಯನ್ನು ಅದರಲ್ಲಿರುವವರ ಕೈಗೆ ಮುಟ್ಟಿಸಿ. ಅದು ನಿಮ್ಮಲ್ಲಿರುವ ಅವರ ಅಮಾನತ್ತು. ನಮ್ಮ ಜಮಾಅತ್ತಿನ ಹಿರಿಯರೇ, ಹುಡುಗಿಯರ ಕೈಯಲ್ಲಿ ಈಗ ಮೊಬೈಲಿದೆ. ತಮ್ಮ ಬೀದಿಯನ್ನು, ತಮ್ಮ ಹೊಳೆಯನ್ನು, ತಮ್ಮ ಮುದುಕಿಯರನ್ನು ಅವರು ಕೇಳಿ ತೆಗೆಯಲಿ. ಅಡ್ಡಿ ಮಾಡಬೇಡಿ.

ಜುಲೈ ಮುಗಿದ ಮೇಲೆ ಮಗ ಆ ಹಾಳೆಯನ್ನು ಹರಿದು ಒಲೆಗೆ ಹಾಕಲು ಹೋದನಂತೆ. ಖಾಲಾ ಬಿಡಲಿಲ್ಲ. ನಾಲ್ಕಾಗಿ ಮಡಚಿ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಟ್ಟಿದ್ದಾರೆ. ಯಾಕೆ ಎಂದು ಕೇಳಿದೆ. "ತೆಗೆದೋನು ಎಂದಾದ್ರೂ ಹೊಳೆ ಕಡೆ ಬಂದ್ರೆ ತೋರಿಸಿ ಕೇಳ್ಬೇಕು" ಎಂದರು.