ಕಸುಬು ಕಲಿತರೆ ಸಾಕಾ? ಓಆರ್‌ಟಿ ಕತೆ ಬೇರೇನೇ ಹೇಳುತ್ತೆ

"ಯಹೂದಿಗಳನ್ನ ನೋಡಿ ಕಲೀರಿ. ಯಾರ ಮುಂದೂ ಕೈ ಚಾಚದೆ, ಕಸುಬು ಕಲಿತು ಮೇಲೆ ಬಂದ್ರು." ಈ ಧಾಟಿಯ ಫಾರ್ವರ್ಡು ನಿಮಗೂ ಬಂದಿರುತ್ತೆ. ಮೊದಲು ಈಮೇಲಲ್ಲಿ ಬರ್ತಿತ್ತು, ಈಗ ವಾಟ್ಸಾಪಲ್ಲಿ. ಡಬ್ಬ ಬದಲಾಗಿದೆ, ಸರಕು ಅದೇ :-)

ಯಹೂದಿಗಳಿಗೆ ಕಸುಬು ಕಲಿಸಿದ ಸಂಸ್ಥೆ ಅಂದ್ರೆ ಮುಖ್ಯವಾಗಿ ಓಆರ್‌ಟಿ. ಹುಟ್ಟಿದ್ದು 1880ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಕರಕುಶಲ ಮತ್ತು ಕೃಷಿ ಕೆಲಸದ ಸಂಘ ಅಂತ ಅರ್ಥ ಬರೋ ರಷ್ಯನ್ ಪದಗಳ ಮೊದಲಕ್ಷರಗಳೇ ಅದರ ಹೆಸರು. ರೈಲು ಹಳಿ ಹಾಕಿಸಿ ಶ್ರೀಮಂತನಾದ ಸಾಮ್ಯುಯೆಲ್ ಪೋಲ್ಯಾಕೋವ್, ಬ್ಯಾಂಕರ್ ಹೊರೇಸ್ ಗಿನ್ಸ್‌ಬರ್ಗ್, ಪ್ರೊಫೆಸರ್ ನಿಕೊಲಾಯ್ ಬಕ್ಸ್ಟ್ ಸೇರಿ ತ್ಸಾರ್ ಎರಡನೇ ಅಲೆಕ್ಸಾಂಡರನ ಸರ್ಕಾರದಿಂದ ಅನುಮತಿ ಪಡೆದು ನಿಧಿ ಸಂಗ್ರಹಿಸಿದ್ರು.

ಆಗ ರಷ್ಯಾದ ಯಹೂದಿಗಳು ಸಾಮ್ರಾಜ್ಯದ ಪಶ್ಚಿಮದ ಒಂದು ಪಟ್ಟಿಯೊಳಗೇ ಬದುಕಬೇಕು ಅನ್ನೋ ಕಾನೂನಿತ್ತು. 1865ರಲ್ಲಿ ಅದಕ್ಕೊಂದು ಕಿಂಡಿ ಬಿತ್ತು: ಅರ್ಹತೆ ಪಡೆದ ಕುಶಲಕರ್ಮಿಗಳು ಹೊರಗೆ ಹೋಗಿ ನೆಲೆಸಬಹುದು. ಅಂದ್ರೆ ಕಸುಬು ಅನ್ನೋದು ಬರೀ ಹೊಟ್ಟೆಪಾಡಲ್ಲ, ಒಂಥರಾ ಪಾಸ್‌ಪೋರ್ಟ್. ಆದ್ರೆ ಆ ಪಟ್ಟಿಯೊಳಗೆ ದರ್ಜಿಗಳಿಗೆ, ಚಪ್ಪಲಿ ಹೊಲಿಯೋರಿಗೆ ಕೊರತೆ ಇತ್ತಾ? ಇಲ್ಲ ಸ್ವಾಮಿ, ಜಾಸ್ತಿಯೇ ಇದ್ರು! ಒಂದೇ ಬೀದಿಯಲ್ಲಿ ಒಬ್ಬರ ಅನ್ನ ಇನ್ನೊಬ್ಬರು ಕಿತ್ಕೊಳ್ಳೋ ಪರಿಸ್ಥಿತಿ. 1882ರಲ್ಲಿ ಹಳ್ಳಿಗಳಲ್ಲಿ ಹೊಸದಾಗಿ ನೆಲೆಸೋದನ್ನೂ ನಿಷೇಧಿಸಿದ್ರು. 1887ರಲ್ಲಿ ವಿದ್ಯಾಭ್ಯಾಸಕ್ಕೂ ಮಿತಿ ಬಂತು, ರಾಜಧಾನಿಗಳಲ್ಲಿ ಯಹೂದಿ ವಿದ್ಯಾರ್ಥಿಗಳು ಶೇಕಡಾ 3 ದಾಟಬಾರದು ಅಂತ.

ಇಷ್ಟಿದ್ದೂ ಆ ಕಾಲದ ದೊಡ್ಡಮನುಷ್ಯರ ಮಾತು ಏನು? ಯಹೂದಿಗಳು ಬರೀ ವ್ಯಾಪಾರ, ಬಡ್ಡಿ ಅಂತಾರೆ, ಅವರನ್ನ ಉತ್ಪಾದಕರನ್ನಾಗಿ ಮಾಡಬೇಕು ಅಂತ. ದ್ವೇಷಿಗಳ ಆರೋಪವನ್ನ ಹಿತೈಷಿಗಳೂ ಅರ್ಧ ಒಪ್ಕೊಂಡುಬಿಟ್ಟಿದ್ರು. ನನ್ನ ಭಾಷೇಲಿ ಹೇಳೋದಾದ್ರೆ, ಸರ್ವರ್ 'ಪರ್ಮಿಷನ್ ಡಿನೈಡ್' ಅಂತ ಕೂಗ್ತಾ ಇದೆ, ನಾವು ಯೂಸರ್‌ಗೆ ಟೈಪಿಂಗ್ ಕ್ಲಾಸ್ ಮಾಡ್ತಿದೀವಿ.

ಓಆರ್‌ಟಿ ಮಾಡಿದ ಕೆಲಸವನ್ನ ನಾನು ಹಳೀತಿಲ್ಲ. ಶಾಲೆಗಳಿಗೆ ಹಣ ಕೊಟ್ರು, ಉಪಕರಣ ಕೊಳ್ಳೋಕೆ ಸಾಲ ಕೊಟ್ರು, ಕುಶಲಕರ್ಮಿಗಳು ಹೊರಗೆ ಹೋಗಿ ನೆಲೆಸೋಕೆ ನೆರವಾದ್ರು. 1921ರಲ್ಲಿ ಬರ್ಲಿನ್ನಿನಲ್ಲಿ ಅಂತರರಾಷ್ಟ್ರೀಯ ಒಕ್ಕೂಟವಾಯ್ತು. ಹಿಟ್ಲರ್ ಬಂದ 1933ರಲ್ಲಿ ಕೇಂದ್ರ ಕಚೇರಿ ಪ್ಯಾರಿಸ್ಸಿಗೆ ಓಡ್ತು. 1938ರಲ್ಲಿ ಸೋವಿಯತ್ ಸರ್ಕಾರವೂ ಅದನ್ನ ತನ್ನ ನೆಲದಿಂದ ಓಡಿಸ್ತು. ನಾನು ಜಗಳ ತೆಗೀತಿರೋದು ಆ ಕೆಲಸದ ಜೊತೆ ಅಲ್ಲ, ಅದಕ್ಕೆ ನಾವು ಅಂಟಿಸಿರೋ ನೀತಿಪಾಠದ ಜೊತೆ.

ಅದಕ್ಕೆ ಬರ್ಲಿನ್ ಶಾಲೆಯ ಕತೆ ಕೇಳಿ. ನಾಜಿಗಳ ಕಾಲದಲ್ಲೇ, 1937ರಲ್ಲಿ, ಓಆರ್‌ಟಿ ಅಲ್ಲಿ ಒಂದು ತಾಂತ್ರಿಕ ಶಾಲೆ ತೆರೀತು. ಹುಡುಗರು ಕಬ್ಬಿಣದ ಕೆಲಸ, ಯಂತ್ರದ ಕೆಲಸ ಕಲಿತ್ರು. ಬ್ರಿಟನ್ನಿನ ಓಆರ್‌ಟಿಯವರು ಓಡಾಡಿ ವೀಸಾ ಮಾಡಿಸಿದ್ರಿಂದ, 1939ರ ಆಗಸ್ಟ್ ಕೊನೆಯಲ್ಲಿ, ಯುದ್ಧ ಶುರುವಾಗೋಕೆ ಕೆಲವೇ ದಿನ ಮುಂಚೆ, ನೂರಕ್ಕೂ ಹೆಚ್ಚು ಹುಡುಗರು ಕೆಲವು ಮೇಷ್ಟ್ರ ಜೊತೆ ರೈಲು ಹತ್ತಿದ್ರು, ಇಂಗ್ಲೆಂಡಿನ ಲೀಡ್ಸ್ ತಲುಪಿದ್ರು. ಇನ್ನೊಂದು ತಂಡ ಹೋಗಬೇಕಿತ್ತು, ಅಷ್ಟರಲ್ಲಿ ಯುದ್ಧ ಬಂತು. ಉಳಿದವರ ಶಾಲೆ 1943ರವರೆಗೂ ನಡೀತು, ಆಮೇಲೆ ಮುಚ್ಚಿಸಿ, ಅಲ್ಲಿದ್ದವರನ್ನ ಸಾವಿನ ಶಿಬಿರಗಳಿಗೆ ಸಾಗಿಸಿದ್ರು.

ಅದೇ ಶಾಲೆ, ಅದೇ ಲೇತು, ಅದೇ ಕಸುಬು. ಬದುಕಿದವರಿಗೂ ಸತ್ತವರಿಗೂ ಮಧ್ಯೆ ಇದ್ದಿದ್ದು ಒಂದು ವೀಸಾ ಕಾಗದ. ಇಲ್ಲಿ ಯಾರು ಸೋಮಾರಿ, ಯಾರು ಶ್ರಮಜೀವಿ, ಹೇಳಿ ನೋಡೋಣ?

ಯಾಕೋಬ್ ಒಲೈಸ್ಕಿ ಅಂತ ಒಬ್ಬರಿದ್ರು. ಯುದ್ಧಕ್ಕೆ ಮುಂಚೆ ಲಿಥುವೇನಿಯಾದ ಓಆರ್‌ಟಿ ನಡೆಸ್ತಿದ್ದವರು. ಕೋವ್ನೊ ಘೆಟ್ಟೋ ಸೇರಿ, ಅಲ್ಲಿಂದ ಡಾಖಾವ್‌ಗೆ ಸೇರಿದ ಶಿಬಿರಗಳಿಗೆ ಬಿದ್ದು, ಬದುಕಿ ಉಳಿದ್ರು. 1945ರಲ್ಲೇ ಲ್ಯಾಂಡ್ಸ್‌ಬರ್ಗಿನ ನಿರಾಶ್ರಿತರ ಕ್ಯಾಂಪಿನಲ್ಲಿ ತರಬೇತಿ ಶುರು ಮಾಡಿದ್ರು. ಮೈಯಲ್ಲಿ ಇನ್ನೂ ಮಾಂಸ ತುಂಬಿಲ್ಲ, ಆಗಲೇ ಹೊಲಿಗೆ ಮಿಷನ್ನು! ಇಂಥ ಕ್ಯಾಂಪುಗಳಲ್ಲಿ ಓಆರ್‌ಟಿ ಹತ್ತಾರು ಸಾವಿರ ಜನಕ್ಕೆ ಕಸುಬು ಕಲಿಸ್ತು. ಗುಲಾಮರಾಗಿ ದುಡಿದ ಕೈಗಳು ಮತ್ತೆ ತಮಗೋಸ್ಕರ ಏನಾದ್ರೂ ಮಾಡಿದ್ದು ಅಲ್ಲಿ. ಇಡೀ ಚರಿತ್ರೆಯಲ್ಲಿ ನನಗೆ ತುಂಬಾ ಹಿಡಿಸಿದ್ದು ಈ ಭಾಗ.

ಆದ್ರೆ ಕಲಿತ ತಕ್ಷಣ ಹೋದ್ರಾ? ಎಲ್ಲಿಗೆ? 1948ರಲ್ಲಿ ಇಸ್ರೇಲ್ ಹುಟ್ಟೋವರೆಗೆ, ಅಮೆರಿಕ ಅದೇ ವರ್ಷ ನಿರಾಶ್ರಿತರಿಗೆ ಅಂತ ಕಾನೂನು ಮಾಡೋವರೆಗೆ, ಬಹಳಷ್ಟು ಜನ ಸರ್ಟಿಫಿಕೇಟ್ ಹಿಡ್ಕೊಂಡು ಕ್ಯಾಂಪಲ್ಲೇ ಕೂತಿದ್ರು.

ಇನ್ನು "ಯಾರ ಮುಂದೂ ಕೈ ಚಾಚದೆ" ಅನ್ನೋ ಮಾತು. ಅಮೆರಿಕದ ಯಹೂದಿ ಹೆಂಗಸರು 1927ರಲ್ಲಿ ಸಂಘ ಕಟ್ಟಿ ದಶಕಗಟ್ಟಲೆ ಚಂದಾ ಎತ್ತಿದ್ದು ಮತ್ಯಾಕೆ? ಕೈ ಚಾಚಿದ್ರು, ಚಾಚಲೇಬೇಕಿತ್ತು, ಅದರಲ್ಲಿ ನಾಚಿಕೆಪಡೋಂಥದ್ದು ಏನೂ ಇರಲಿಲ್ಲ. ಸ್ವಾವಲಂಬನೆಯ ಉದಾಹರಣೆ ಅಂತ ನಾವು ಹೊಗಳ್ತಿರೋದರ ಹಿಂದೆ ನೂರು ವರ್ಷದ ಸಾಮೂಹಿಕ ಪರಾವಲಂಬನೆ ಇದೆ.

ಅಂದಹಾಗೆ, 1940ರ ದಶಕದಲ್ಲಿ ದಕ್ಷಿಣ ಅಮೆರಿಕದ ಉರುಗ್ವೆಯಲ್ಲಿ ಓಆರ್‌ಟಿ ಒಂದು ಕಸುಬಿನ ಶಾಲೆ ತೆರೀತು. ಅದು 1996ರಲ್ಲಿ ವಿಶ್ವವಿದ್ಯಾಲಯ ಆಯ್ತು. ಈಗ ಅಲ್ಲಿ ಸಾಫ್ಟ್‌ವೇರ್ ಇಂಜಿನಿಯರಿಂಗ್ ಕಲಿಸ್ತಾರೆ. ಸೇರೋಕೆ ಯಹೂದಿಯೇ ಆಗಿರಬೇಕು ಅಂತೇನಿಲ್ಲ.