ಹಾಲು ಕಂಡು ಓಡಿದ ಬೆಕ್ಕು

ತೆನ್ನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಬೆಕ್ಕನ್ನು ಸಾಕಲೆಂದು ಕೃಷ್ಣದೇವರಾಯನು ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನಿಟ್ಟ. ಮೂತಿ ಸುಟ್ಟುಕೊಂಡ ಬೆಕ್ಕು ಮತ್ತೆಂದೂ ಹಾಲಿನ ಬಳಿ ಸುಳಿಯಲಿಲ್ಲ. ವಿಕಟಕವಿಯ ಜಾಣತನಕ್ಕೆ ನಾವೆಲ್ಲ ನಕ್ಕಿದ್ದೇವೆ; ಬೆಕ್ಕಿನ ಪಾಡನ್ನು ಕುರಿತು ಯೋಚಿಸಿದವರು ವಿರಳ. ಬಾಲಮಂದಿರವೊಂದರಲ್ಲಿ ಒಬ್ಬ ಹುಡುಗನನ್ನು ನೋಡುವವರೆಗೆ ನಾನೂ ಯೋಚಿಸಿದವನಲ್ಲ.

ರಾಷ್ಟ್ರೀಯ ಸೇವಾ ಯೋಜನೆಯ ವತಿಯಿಂದ ನಾನು ಅಲ್ಲಿಗೆ ಭಾನುವಾರಗಳಂದು ಲೆಕ್ಕ ಹೇಳಿಕೊಡಲು ಹೋಗುತ್ತಿದ್ದೆ. ಹುಡುಗನಿಗೆ ಹತ್ತೋ ಹನ್ನೊಂದೋ ವಯಸ್ಸು. ತಂದೆತಾಯಿಗಳಿಲ್ಲ. ರೈಲು ನಿಲ್ದಾಣದಲ್ಲಿ ಖಾಲಿ ಬಾಟಲಿಗಳನ್ನು ಆಯ್ದು ಬದುಕುತ್ತಿದ್ದವನು. ಅವನಿಗೆ ಈಗ ಮಂಚ, ಹೊದಿಕೆ, ಹೊತ್ತು ಹೊತ್ತಿಗೆ ಊಟ, ಜೊತೆಗೆ ನಲವತ್ತು ಹುಡುಗರು. ಆದರೂ ಅವನು ಮಂಚ ಬಿಟ್ಟು ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಮಲಗುತ್ತಿದ್ದ. ಚಪ್ಪಲಿಗಳನ್ನು ತಲೆಯ ಕೆಳಗಿಟ್ಟುಕೊಳ್ಳುತ್ತಿದ್ದ. ಊಟದಲ್ಲಿ ಒಂದು ಚಪಾತಿಯನ್ನು ಉಳಿಸಿ ಅಂಗಿಯೊಳಗೆ ಸೇರಿಸುತ್ತಿದ್ದ. ಹೊಸ ಅಂಗಿ ಕೊಟ್ಟ ದಿನ ಅವನು ಕೇಳಿದ್ದು ಒಂದೇ ಮಾತು: "ಇದಕ್ಕೆ ನಾನೇನು ಮಾಡಬೇಕು?"

ಜೊತೆಯ ಹುಡುಗರು ಅವನನ್ನು "ಕಳ್ಳ" ಎಂದರು. ಹಿರಿಯರೊಬ್ಬರು "ಎಷ್ಟು ಮಾಡಿದರೂ ಉಪಕಾರ ಸ್ಮರಣೆಯಿಲ್ಲ" ಎಂದು ಬೇಸರಪಟ್ಟರು. ಈ ಎರಡು ಮಾತುಗಳೂ ತಪ್ಪೆಂಬುದೇ ನನ್ನ ಅಭಿಪ್ರಾಯ. ನಾಳೆಯ ಊಟ ಖಚಿತವಾಗಿರುವವನಿಗೆ ಚಪಾತಿ ಬಚ್ಚಿಡುವುದು ಹೀನಬುದ್ಧಿಯಾಗಿ ಕಾಣಬಹುದು. ಪ್ಲಾಟ್‌ಫಾರಂನಲ್ಲಿ ಬೆಳೆದವನಿಗೆ ಅದು ಸಂಸಾರವಂದಿಗನ ಮುಂದಾಲೋಚನೆಯಷ್ಟೇ ಸಹಜ. ಪುಕ್ಕಟೆಯಾಗಿ ಕೊಟ್ಟವರು ಆಮೇಲೆ ಏನು ಕೇಳುತ್ತಾರೆಂಬುದನ್ನು ಅವನು ಪುಸ್ತಕದಿಂದ ಕಲಿತವನಲ್ಲ. ಅವನ ಸಂಶಯವು ಅವನನ್ನು ಅಷ್ಟು ದಿನ ಜೀವಂತವಾಗಿ ಉಳಿಸಿದ ವಿದ್ಯೆ. ಅದನ್ನು ಒಂದು ಹೊದಿಕೆಯ ಬೆಲೆಗೆ ಬಿಟ್ಟುಕೊಡೆಂದರೆ ಅವನು ಕೊಟ್ಟಾನೆಯೇ?

"ಹಾಗಾದರೆ ಅವನು ಪೆಟ್ಟಿಗೆ ಮುರಿದರೂ ಸುಮ್ಮನಿರಬೇಕೆ?" ಎಂದು ವಾಚಕರು ಕೇಳಬಹುದು. ಬೇಡ. ಶಿಸ್ತು ಬೇಕೇ ಬೇಕು. ಆದರೆ ಶಿಸ್ತಿನೊಡನೆ ನಂಬಿಕೆಯೂ ಇರಬೇಕೆಂಬುದನ್ನು ಮಕರೆಂಕೊ ಎಂಬ ಉಪಾಧ್ಯಾಯ ತೋರಿಸಿದ್ದಾನೆ. 1920ರಲ್ಲಿ, ಯುದ್ಧಗಳಿಂದ ಜರ್ಜರಿತವಾಗಿದ್ದ ಉಕ್ರೇನಿನ ಪೊಲ್ಟಾವಾ ನಗರದ ಬಳಿ, ಬೀದಿಪಾಲಾದ ಮತ್ತು ಅಪರಾಧಗಳಲ್ಲಿ ಸಿಕ್ಕಿದ ಹುಡುಗರಿಗಾಗಿ ಅವನು ಒಂದು ವಸತಿಶಾಲೆಯನ್ನು ವಹಿಸಿಕೊಂಡ. ಸೆರೆಮನೆ ಕಂಡಿದ್ದ ಹುಡುಗನೊಬ್ಬನನ್ನು ಒಮ್ಮೆ 500 ರೂಬಲ್ ತರಲು ಒಬ್ಬನನ್ನೇ ಕಳುಹಿಸಿದುದನ್ನು ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಹುಡುಗ ಹಣ ತಂದಾಗ ಮಕರೆಂಕೊ ಅದನ್ನು ಎಣಿಸದೆಯೇ ಒಳಗಿಟ್ಟ. ಮುಂದೆ ಇನ್ನೂ ದೊಡ್ಡ ಮೊತ್ತಕ್ಕೆ ಅವನನ್ನೇ ಕಳುಹಿಸಿದ. ಆ ಪಾತ್ರಕ್ಕೆ ಮೂಲನಾದ ಸೆಮ್ಯೋನ್ ಕಲಬಾಲಿನ್ ದೊಡ್ಡವನಾಗಿ, ತಾನೇ ಅನಾಥ ಮಕ್ಕಳ ಶಿಕ್ಷಕನಾದ.

ನಮ್ಮ ದೇಶದಲ್ಲಿ ಕಾನೂನಿಗೇನೂ ಕೊರತೆಯಿಲ್ಲ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ದಿಕ್ಕಿಲ್ಲದ ಮಗು ಸಿಕ್ಕಿದರೆ ಪ್ರಯಾಣದ ವೇಳೆಯನ್ನು ಬಿಟ್ಟು 24 ಗಂಟೆಗಳೊಳಗೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಸೂರು, ಅನ್ನ, ಶಾಲೆಗಳನ್ನು ಕಾಯಿದೆ ಕೊಡಿಸಬಲ್ಲದು. ಪಕ್ಕದ ಮಂಚದ ಹುಡುಗನು ತನ್ನ ಅನ್ನವನ್ನು ಕಸಿಯುವುದಿಲ್ಲವೆಂಬ ಧೈರ್ಯವನ್ನು ಜೊತೆಗಾರರೇ ಕೊಡಬೇಕು, ಅದೂ ದಿನದಿನವೂ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ನಾಲ್ಕು ತಿಂಗಳಾಗುವಷ್ಟರಲ್ಲಿ ಹುಡುಗ ಮುಂದಿನ ಸಾಲಿಗೆ ಬಂದಿದ್ದ; ಒಂದು ದಿನ ಬಚ್ಚಿಟ್ಟ ಚಪಾತಿಯಲ್ಲಿ ಅರ್ಧವನ್ನು ಮುರಿದು ನನಗೂ ಕೊಟ್ಟಿದ್ದ. ಆಮೇಲೆ ಪರೀಕ್ಷೆಯ ನೆಪದಿಂದ ನಾನು ಎರಡು ಭಾನುವಾರ ಹೋಗಲಿಲ್ಲ, ಹೇಳಿಯೂ ಕಳುಹಿಸಲಿಲ್ಲ. ಮೂರನೆಯ ವಾರ ಅವನು ಹಿಂದೆ, ಬಾಗಿಲ ಬಳಿ ಕುಳಿತಿದ್ದ. "ಬರ್ತೀನಿ ಅಂದಿದ್ರಲ್ಲಣ್ಣಾ" ಎಂದಷ್ಟೇ ಹೇಳಿ ಸ್ಲೇಟಿನ ಕಡೆಗೆ ತಿರುಗಿದ. ಆ ವರ್ಷ ನಾನು ಬರೆದ ಯಾವ ಪ್ರಶ್ನಪತ್ರಿಕೆಯೂ ನನ್ನನ್ನು ಅಷ್ಟು ತಲೆತಗ್ಗಿಸುವಂತೆ ಮಾಡಲಿಲ್ಲ. ಮತ್ತೆ ಅವನು ಮುಂದಿನ ಸಾಲಿಗೆ ಬರಲು ಮಳೆಗಾಲ ಕಳೆಯಬೇಕಾಯಿತು.

ಆದುದರಿಂದ ಸಹಪಾಠಿಗಳಲ್ಲಿಯೂ ಗುರುಗಳಲ್ಲಿಯೂ ನನ್ನದೊಂದು ವಿನಂತಿ. ಅಕ್ಟೋಬರ್ 2ರಂದು ಐವತ್ತು ಜನ ಹಣ್ಣಿನ ಬುಟ್ಟಿಯೊಡನೆ ಹೋಗಿ, ಚಿತ್ರ ತೆಗೆಸಿಕೊಂಡು ಹಿಂತಿರುಗುವ ಪದ್ಧತಿಯನ್ನು ಬಿಡೋಣ. ಐವರೇ ಸಾಕು, ಆ ಐವರೇ ವರ್ಷವಿಡೀ ಹೋಗಲಿ. ಬರಲಾಗದ ವಾರ ಬರುವುದಿಲ್ಲವೆಂದು ಮುಂಚೆಯೇ ತಿಳಿಸಲಿ. ಮಕ್ಕಳಿಂದ ವಂದನೆಯನ್ನು ನಿರೀಕ್ಷಿಸದಿರಲಿ. ಮುಂದಿನ ವರ್ಷದ ಪಟ್ಟಿಗೆ ಮೊದಲನೆಯವನಾಗಿ ನನ್ನ ಹೆಸರನ್ನು ಕೊಟ್ಟಿದ್ದೇನೆ. ಇನ್ನು ನಾಲ್ವರು ಬೇಕಾಗಿದ್ದಾರೆ.