ಅಚ್ಚಿನ ಆಯ್ಕೆ

ಹಾರಿಸಿದ ತೋಟಾದ ಹಿತ್ತಾಳೆ ಕವಚವನ್ನು ಎಸೆಯದೆ ಮನೆಯಲ್ಲೇ ಮತ್ತೆ ತುಂಬಿಕೊಳ್ಳುವುದು ಅಮೆರಿಕದ ಗುರಿಕಾರರ ಹಳೆಯ ರೂಢಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಮದ್ದುಗುಂಡಿನ ತಯಾರಿಕೆಗೆ ಲೈಸೆನ್ಸ್ ಬೇಕು. ನಮಗಿದು ಓದಿನ ವಿಷಯ ಮಾತ್ರ. ಆದರೂ ಅವರ ‘ಡೈ’ಗಳ ವಾಗ್ವಾದವನ್ನು ಓದುವಾಗ ನಾವೊಂದು ಪಕ್ಷ ವಹಿಸದೆ ಇರಲಾರೆವು. ಡೈ ಎಂದರೆ ನಮ್ಮ ಬೆಲ್ಲದಚ್ಚಿನ ಉಕ್ಕಿನ ದಾಯಾದಿ.

ಕೈಬಂದೂಕಿನ ತೋಟಾಕ್ಕೆ ಸಾಮಾನ್ಯವಾಗಿ ಮೂರು ಅಚ್ಚು: ಹಿಗ್ಗಿದ ಕವಚವನ್ನು ಅಳತೆಗೆ ತರುವುದು, ಬಾಯಿಯನ್ನು ತುಸು ಅರಳಿಸುವುದು, ಗುಂಡನ್ನು ಕೂರಿಸಿ ಅಂಚನ್ನು ಬಿಗಿಯುವುದು. ಮೊದಲನೆಯದಕ್ಕೆ ಕಾರ್ಬೈಡ್ ಉಂಗುರವಿರಲಿ. ಬರಿಯ ಉಕ್ಕಿನದಾದರೆ ಪ್ರತಿ ಕವಚಕ್ಕೂ ಜಿಡ್ಡು ಸವರಬೇಕು, ಮತ್ತೆ ಒರೆಸಬೇಕು. ಕೆಂಪು ಡಬ್ಬಿಯ ಕಂಪನಿಯೋ ಹಸಿರು ಡಬ್ಬಿಯದೋ ಎಂಬ ಜಗಳ ಗೌಣ.

ನಿಜವಾದ ಪ್ರಶ್ನೆ ಬಿಗಿತದ್ದು. ಪಾಯಿಂಟ್ 38 ಸ್ಪೆಷಲ್ ತೋಟಾ ರಿವಾಲ್ವರಿನಲ್ಲಿ ಬುಡದ ಅಂಚಿನ ಮೇಲೆ ನಿಲ್ಲುತ್ತದೆ. ಅದರ ಬಾಯಿಯನ್ನು ಒಳಮಡಿಸಬಹುದು. ಒದೆತಕ್ಕೆ ಉಳಿದ ಗುಂಡುಗಳು ಜರುಗದಿರಲು ಅದು ಬೇಕು ಕೂಡ. ಪಾಯಿಂಟ್ 45 ಎಸಿಪಿ, 9 ಎಂಎಂ ತೋಟಾಗಳು ನಿಲ್ಲುವುದೇ ಬಾಯಂಚಿನ ಮೇಲೆ. ಅದನ್ನು ಮಡಿಸಿದರೆ ನೆಲೆಯೇ ತಪ್ಪುತ್ತದೆ. ಇತ್ತ ಕವಚದ ಹಿಡಿತ ಸಾಲದೆ ಗುಂಡು ಒಳಸರಿದರೆ ಒತ್ತಡ ಅಪಾಯದ ಮಟ್ಟಕ್ಕೇರಬಹುದು. ಬಿಗಿಯುವುದಕ್ಕೆಂದೇ ನಾಲ್ಕನೆಯ ಅಚ್ಚನ್ನು ಕೊಳ್ಳುವುದು ದುಂದು ಎನ್ನುವವರ ಮಾತು ನಮಗಂತೂ ಒಪ್ಪಿಗೆಯಾಗದು.